ಹಳೇ ಎಣ್ಣೆ

ಗ್ಯಾಸ್ ಬದಲಾಯಿಸಿದ ಮೇಲೆ ಹೀಗಾಗಿದೆ ಅಂದರು ಸಂಪಂಗಪ್ಪ,
ಅಳಿಯನ ಮೇಲೆ ದೂರು ಹೇಳುವ ದನಿಯಲ್ಲಿ.

ಸಿದ್ದಾಪುರ ರಸ್ತೆ, ಲಾಲ್‌ಬಾಗಿನ ಹಿಂಬದಿ ಗೋಡೆ,
ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡೂವರೆ.
ಬಿಳೀ ಕಾಂಟೆಸ್ಸಾ. ಬಾನೆಟ್ಟಿನ ಮೇಲೆ
ಹೋದ ವಾರದ ಮದುವೆಯ ಸೆಲ್ಲೋಟೇಪು,
ಅದರಡಿ ಒಂದು ಗುಲಾಬಿ ಎಸಳು
ಚಹಾಪುಡಿಯ ಬಣ್ಣಕ್ಕೆ ತಿರುಗಿ.

"ಓಡುವಾಗ ತಣ್ಣಗಿರ್ತದೆ. ಸಿಗ್ನಲ್ಲಲ್ಲಿ ನಿಂತರೆ ಬಿಸಿಗಾಳಿ.
ಮಿನರ್ವ ಸರ್ಕಲ್ಲಲ್ಲಿ ಮದುಮಗಳ ಕಾಡಿಗೆ ಕೆನ್ನೆಗಿಳಿದು
ಛತ್ರದ ಬಾಗಿಲಲ್ಲಿ ಎಲ್ಲರೂ ಕೇಳಿದರಂತೆ,
ಯಾಕಮ್ಮಾ ಅಳ್ತಾ ಬಂದೆ?
ಅವರಪ್ಪ ಬಾಡಿಗೆಯಲ್ಲಿ ಐನೂರು ಮುರ್ಕೊಂಡ."
ನಾಡಿದ್ದು ಇನ್ನೊಂದು ಮುಹೂರ್ತ.

ಗೇಜು ಕಟ್ಟಿದೆ.
ನೀಲಿ ಐವತ್ತೈದು. ಕೆಂಪು ಮುನ್ನೂರು ದಾಟಿ
ಮುಳ್ಳು ನಡುಗುತ್ತಿದೆ, ಏದುಸಿರಿನವನ ಎದೆ ಹಾಗೆ.
ಇನಾಯತ್, ಒಂದು ಚೊಂಬು ನೀರು ತಾರೋ.
ಕಂಡೆನ್ಸರ್ ಮೇಲೆ ಸುರಿದರೆ ಚುಂಯ್ ಅಂದು
ಕೆಂಪು ಮುಳ್ಳು ಇನ್ನೂರಿಪ್ಪತ್ತಕ್ಕೆ ಇಳಿಯಿತು,
ನೀರು ಆರಿದ್ದೇ ಮತ್ತೆ ಹತ್ತಿತು.
ಶಾಖ ಹೊರಗೆ ಹೋಗುತ್ತಿಲ್ಲ, ಅಷ್ಟೇ ಕಥೆ.
ಅಷ್ಟೇ ಅಲ್ಲ.

ಜೆ.ಸಿ. ರಸ್ತೆಯಲ್ಲಿ ಯಾರೋ ಇಪ್ಪತ್ತೇ ನಿಮಿಷದಲ್ಲಿ
ಹಳೇದು ಹಿಡಿಯುತ್ತಿದ್ದ ತೂಕಕ್ಕೇ ಹೊಸದು ತುಂಬಿದ್ದಾನೆ.
ನೂರಕ್ಕೆ ಎಂಬತ್ತು ಸಾಕು ಇದಕ್ಕೆ.
ಕಮ್ಮಿ ಹಾಕಿದರೆ ಜಾಸ್ತಿ ತಂಪು ಅಂದರೆ
ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಗಿರಾಕಿಯೂ ನಂಬಿಲ್ಲ.
ಸಂಪಂಗಪ್ಪನೂ ನಂಬಲಿಲ್ಲ.

ಸ್ಕ್ರೂಡ್ರೈವರಿನ ತುದಿ ಕಂಪ್ರೆಸರ್ ಮೇಲೆ, ಹಿಡಿ ಕಿವಿಗೆ.
ದಸ್ತಗೀರ್ ಉಸ್ತಾದ್ ಕಲಿಸಿದ್ದು.
ಒಳಗೆ ಕಿರ್ರ್ ಅನ್ನುತ್ತಿತ್ತು, ಒಣ ಗಂಟಲು.
ಹಳೇ ಗ್ಯಾಸು ಹಳೇ ಎಣ್ಣೆಯನ್ನು ಹೆಗಲ ಮೇಲೆ ಹೊತ್ತು
ಪೈಪೈಪು ಸುತ್ತಿಸಿ ಮನೆಗೆ ತಂದು ಬಿಡುತ್ತಿತ್ತು.
ಹೊಸದಕ್ಕೆ ಅದರ ಗುರುತಿಲ್ಲ, ದಾಟಿಕೊಂಡು ಹೋಗುತ್ತದೆ.
ಎಣ್ಣೆ ಕಾಯಿಲ್ಲಿನ ಯಾವುದೋ ಮೂಲೆಯಲ್ಲಿ ಕೂತುಬಿಡುತ್ತದೆ,
ಬಸ್ ತಪ್ಪಿಸಿಕೊಂಡವರ ಹಾಗೆ.
"ಗ್ಯಾಸ್ ಬದಲಾಯಿಸೋದು ಸುಲಭ ಮಗಾ,
ಎಣ್ಣೆ ಬಿಡಿಸೋದು ನೋಡು ಕಷ್ಟ"
ಅನ್ನುತ್ತಿದ್ದರು ಉಸ್ತಾದ್.

ಆಕಾಶಕ್ಕೆ ತೂತು ಮಾಡಿದ್ದು ಹಳೇ ಗ್ಯಾಸಂತೆ.
ಎಷ್ಟು ಬಿಟ್ಟಿದ್ದೇವೋ ಇದೇ ಗೋಡೆಯ ಪಕ್ಕ,
ನಟ್ಟು ಸಡಿಲಿಸಿ ಉಸ್ಸೆಂದು.
ಬೀಡಿ ಆರಿಸೋ ಎಂದು ಬೈಯುತ್ತಿದ್ದ ಉಸ್ತಾದ್
ಮೇಲೆ ನೋಡಿದ್ದು ನಾನು ಕಂಡಿಲ್ಲ.
ನಾನೂ ನೋಡಿಲ್ಲ.
ಮರಗಳು ತಲೆಯಾಡಿಸುತ್ತಿದ್ದವು, ಅಷ್ಟೇ.

ಬಿಚ್ಚಿದೆ. ಕರೀ ಎಣ್ಣೆ ಬೋಗುಣಿಗೆ.
ಕಾಯಿಲ್ಲು ತೊಳೆದು, ಡ್ರೈಯರ್ ಎಸೆದು ಹೊಸದು ಕೂರಿಸಿ,
ಗಟ್ಟಿಯಾಗಿದ್ದ ರಬ್ಬರ್ ಉಂಗುರಗಳನ್ನೆಲ್ಲ ಕಿತ್ತು
ಹಸಿರು ಉಂಗುರ ತೊಡಿಸಿ, ಹೊಸ ಎಣ್ಣೆ ಅಳೆದು ಹಾಕಿ,
ಮುಂದೆ ಇನ್ನೊಂದು ಫ್ಯಾನು.
ಮುಕ್ಕಾಲು ಗಂಟೆ ವ್ಯಾಕ್ಯೂಮ್ ಪಂಪು.
ಇಡೀ ಗ್ಯಾರೇಜು ಸುಮ್ಮನೆ ಕಾಯುವುದು ಇದೊಂದಕ್ಕೇ:
ಏನೂ ಇಲ್ಲದಿರುವುದು ಒಳಗೆ ತುಂಬುವ ತನಕ.

ರಾತ್ರಿ ಒಂಬತ್ತಕ್ಕೆ ಮಿನರ್ವ ಸರ್ಕಲ್.
ಸಂಪಂಗಪ್ಪ ಸ್ಟೇರಿಂಗು ಹಿಡಿದರು,
ನಾನು ಹಿಂದೆ, ಮದುಮಗಳ ಜಾಗದಲ್ಲಿ,
ಗ್ರೀಸು ಕೈ ಸೀಟಿಗೆ ತಾಗದಂತೆ ಎತ್ತಿಕೊಂಡು.
ಕೆಂಪು ದೀಪ. ತೊಂಬತ್ತು ಸೆಕೆಂಡು.
ಗಾಳಿಕಂಡಿಗೆ ಸಿಕ್ಕಿಸಿದ ಥರ್ಮಾಮೀಟರು ಎಂಟು, ಒಂಬತ್ತು,
ಹನ್ನೊಂದಕ್ಕೆ ಬಂದು ನಿಂತಿತು.

"ಮೊದಲಿನಷ್ಟಿಲ್ಲ."
"ಇರಲ್ಲ."
ಮತ್ತೆ ಇಬ್ಬರೂ ಮಾತಾಡಲಿಲ್ಲ.

ಬಲೂನು ಮಾರುವ ಹುಡುಗಿ ಗಾಜು ತಟ್ಟಿ
ಗಾಡಿಯ ಅಡಿಗೆ ಬೆರಳು ತೋರಿಸಿದಳು:
"ಅಣ್ಣಾ, ನೀರು ಸೋರ್ತಿದೆ."
ಗಾಜು ಇಳಿಸಿದೆ, ಎರಡು ಡಿಗ್ರಿ ಹೋದರೂ ಹೋಗಲಿ ಎಂದು.
ಸೋರಲಿ ಬಿಡಮ್ಮ, ಅಂದೆ.